ಬಾವಿ ಬತ್ತಿದ ವರ್ಷದ ಸೋಮವಾರಗಳು

ನಮ್ಮ ಕಡೆಯ ಯುಗಾದಿಯಾದ ಬಿಸು ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಕೊಡಪಾನ ಬಾವಿಯ ತಳಕ್ಕೆ ಬಡಿಯಿತು. ಅದು ಮೊದಲು ತಿಳಿದದ್ದು ಹಗ್ಗ ಹಿಡಿದ ಕೈಗೆ, ಕಿವಿಗೆ ಆಮೇಲೆ. ಮೇಲೆಳೆದು ನೋಡಿದರೆ ಅರ್ಧ ಕೊಡ ನೀರು, ಅದರಲ್ಲೂ ಅಡಿಯಲ್ಲಿ ಕೆಂಪು ಕೆಸರು. ಸೋಡ ಅಂಗಡಿಯವನಿಗೆ ಇದಕ್ಕಿಂತ ಕೆಟ್ಟ ಬೆಳಗು ಇಲ್ಲ. ಉಳಿದವರು ಬೇಸಿಗೆಗೆ ಹೆದರಿದರೆ ನಾವು ಬೇಸಿಗೆಗಾಗಿಯೇ ವರ್ಷವಿಡೀ ಕಾಯುವವರು. ಆ ಹೊತ್ತಿಗೇ ನೀರು ಕೈಕೊಟ್ಟಿತು.

ನನ್ನ ಅಂಗಡಿ ಪುತ್ತೂರಿನ ಹಳೆಯ ಪೇಟೆಬೀದಿಯಲ್ಲಿತ್ತು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಬೀದಿ ಎಷ್ಟು ಇಕ್ಕಟ್ಟೆಂದರೆ ಎದುರುಬದುರಿನ ಹಂಚಿನ ಮಾಡುಗಳು ಇನ್ನೇನು ತಲೆಗೆ ತಲೆ ತಾಗಿಸುತ್ತವೆ ಎಂಬಂತೆ ಇದ್ದವು. ಬಸ್ಸು ಬಂತೆಂದರೆ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಕಾಲನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಮುಂದೆ ಹಲಗೆ ಬಾಗಿಲಿನ ಒಂದು ಕೋಣೆ. ಅದರಲ್ಲಿ ಮಿಷನ್, ಗೋಡೆಗೆ ಒರಗಿಸಿದ ಗ್ಯಾಸಿನ ಸಿಲಿಂಡರ್, ಗಿರಾಕಿಗಳಿಗೆ ಒಂದು ಬೆಂಚು. ಹಿಂದೆ ಬಾಟ್ಲಿ ತೊಳೆಯುವ ತೊಟ್ಟಿ, ಅದರಾಚೆ ಬಾವಿ. ಬಾವಿಯಾಚೆ ಸೊಂಟದೆತ್ತರದ ಮುರಕಲ್ಲಿನ ಗೋಡೆ. ಗೋಡೆಯಾಚೆಗೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ಬ್ಯಾರಿ ಕಾಕನ ಹಿತ್ತಿಲು. ಬ್ಯಾರಿ ಎಂದರೆ ನಮ್ಮ ಕರಾವಳಿಯ ಮುಸಲ್ಮಾನ.

ಶಾಲೆಯನ್ನು ನಾನು ಐದನೆಯ ತರಗತಿಗೇ ಬಿಟ್ಟವನು. ಸುಳ್ಯದ ಕಡೆಯ ನಮ್ಮ ಮನೆಯಲ್ಲಿ ಅದೊಂದು ಸುದ್ದಿಯೂ ಆಗಲಿಲ್ಲ. ಆದರೆ ಸೋಡ ತುಂಬುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದು ಈಗಲೂ ಹೇಳಬಲ್ಲೆ. ಬಾಟ್ಲಿಯ ಕತ್ತಿನವರೆಗೆ ಸೋಸಿದ ನೀರು ತುಂಬಿಸಿ, ಕಬ್ಬಿಣದ ಬಲೆಯ ಪಂಜರದೊಳಗೆ ಮಲಗಿಸಿ, ಬಾಯಿಗೆ ಗ್ಯಾಸಿನ ನಳಿಗೆ ಬಿಗಿಯಾಗಿ ಕೂರುವಂತೆ ಸಿಕ್ಕಿಸಬೇಕು. ಆಮೇಲೆ ಹಿಡಿ ತಿರುಗಿಸಬೇಕು. ಬಾಟ್ಲಿ ಲಾಗ ಹಾಕುತ್ತ ಹಾಕುತ್ತ ನೀರು ಗ್ಯಾಸನ್ನು ಕುಡಿಯುತ್ತದೆ. ತಲೆಕೆಳಗಾಗಿ ನಿಲ್ಲಿಸಿದಾಗ ಒಳಗಿನ ಗೋಲಿ ಜಾರಿ ಬಂದು ಬಾಯಿಯ ರಬ್ಬರ್ ಬಳೆಗೆ ಕಚ್ಚಿಕೊಳ್ಳುತ್ತದೆ. ಬೇಗ ನಿಲ್ಲಿಸಿದರೆ ಸೋಡ ಸಪ್ಪೆ, ಜಾಸ್ತಿ ಬಿಟ್ಟರೆ ಬಾಟ್ಲಿ ಒಡೆದು ಗಾಜು ಪಂಜರಕ್ಕೆ ಸಿಡಿಯುತ್ತದೆ. ಸಾಕಾಯಿತೆಂಬುದನ್ನು ಹಿಡಿಯೇ ಕೈಗೆ ಹೇಳುತ್ತದೆ. ಇನ್ನೊಂದು ಮಾತು: ನೀರು ತಣ್ಣಗಿರಬೇಕು. ಬೆಚ್ಚನೆಯ ನೀರಿಗೆ ಎಷ್ಟು ಗ್ಯಾಸು ಕೊಟ್ಟರೂ ಅದು ಹಿಡಿದಿಟ್ಟುಕೊಳ್ಳುವುದಿಲ್ಲ.

ಸೋಮವಾರ ಸಂತೆಯ ದಿನ. ಅವತ್ತು ಈಶ್ವರಮಂಗಲದ ಕಡೆಯಿಂದ ಒಬ್ಬ ತೋಟದ ಯಜಮಾನರು ಪೇಟೆಗೆ ಬರುತ್ತಿದ್ದರು. ವಯಸ್ಸಾದ ಬ್ರಾಹ್ಮಣರು, ಮನೆಯಲ್ಲಿ ದೇವರ ಪೂಜೆಯನ್ನು ತಾವೇ ಮಾಡುವವರು. ಪೇಟೆಯಲ್ಲಿ ಎಲ್ಲಿಯೂ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಸೋಡ ಮಾತ್ರ ಕುಡಿಯುತ್ತಿದ್ದರು. ಅವರಂಥವರು ತುಂಬ ಜನ ಇದ್ದರು. ಗ್ಯಾಸು ಹೊಕ್ಕ ನೀರಿಗೆ ಮೈಲಿಗೆ ಇಲ್ಲ, ಗೋಲಿ ಮುಚ್ಚಿದ ಮೇಲೆ ಅದನ್ನು ಯಾರ ಕೈಯೂ ಮುಟ್ಟಿದ ಹಾಗಲ್ಲ ಎಂದು ಹೇಗೋ ಒಂದು ಲೆಕ್ಕ ಊರಿನಲ್ಲಿ ನಡೆದುಬಂದಿತ್ತು. ನಮ್ಮಂಥವರ ಅಂಗಡಿಗಳು ನಿಂತದ್ದೇ ಆ ಲೆಕ್ಕದ ಮೇಲೆ. ಆದರೆ ಈ ಯಜಮಾನರು ಉಳಿದವರಿಗಿಂತ ಒಂದು ತೂಕ ಹೆಚ್ಚು. ಮೊದಲ ಸಲ ಬಂದಾಗ ಬೆಂಚಿನಲ್ಲಿ ಕೂರುವ ಮೊದಲೇ, ಯಾವ ಬಾವಿಯ ನೀರು, ಸೇದುವುದು ಯಾರು ಎಂದು ಕೇಳಿದ್ದರು. ಹಿಂದಿನ ಬಾವಿಯದು, ಸೇದುವುದು ನಾನೇ ಎಂದೆ. ಆಗಬಹುದು ಎಂದು ಕೂತರು. ಬಾಟ್ಲಿಯನ್ನು ಎತ್ತಿ, ತುಟಿಗೆ ತಾಗಿಸದೆ, ಒಂದು ಹನಿಯೂ ಅಂಗವಸ್ತ್ರಕ್ಕೆ ಬೀಳದ ಹಾಗೆ ಕುಡಿದರು.

ಸೋಡಕ್ಕಿಂತ ಹೆಚ್ಚಿನದು ಆ ಬೆಂಚಿನ ಮೇಲೆ ನಡೆಯುತ್ತಿತ್ತು. ಯಜಮಾನರು ಪೇಟೆಯಲ್ಲಿ ಒಂದು ವಾರಪತ್ರಿಕೆ ಕೊಳ್ಳುತ್ತಿದ್ದರು. ಅದರಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಘಟ್ಟದ ದಾರಿಯ ಒಂದು ಛತ್ರ, ಅದನ್ನು ನೋಡಿಕೊಳ್ಳುವ ಒಬ್ಬ ಒಂಟಿ ಹೆಂಗಸು, ಅಲ್ಲಿಗೆ ಬಂದು ತಂಗಿದ, ತನ್ನ ಹೆಸರನ್ನು ಹೇಳದ ಒಬ್ಬ ಪ್ರಯಾಣಿಕ. ಬಸ್ಸು ಬರುವ ತನಕ ಅವರು ಅದನ್ನು ಗಟ್ಟಿಯಾಗಿ ಓದುವರು, ನಾನು ಒಳಗೆ ಬಾಟ್ಲಿ ಜೋಡಿಸುತ್ತ ಕೇಳುವೆ. ಮೊದಮೊದಲು ತಮಗಾಗಿಯೇ ಓದುತ್ತಿದ್ದರು. ಒಂದು ದಿನ ನಾನು ನಡುವೆ ಬಾಯಿ ಹಾಕಿ, ಆ ಪ್ರಯಾಣಿಕ ಸುಳ್ಳು ಹೇಳುತ್ತಿದ್ದಾನೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ನಿನಗೆ ಹೇಗೆ ಗೊತ್ತು ಮಾರಾಯ?"

"ದೂರದಿಂದ ನಡೆದು ಬಂದೆ ಹೇಳ್ತಾನೆ, ಬಂದವ ನೀರು ಕೇಳ್ಲೇ ಇಲ್ಲ ಅಲ್ವಾ ಯಜಮಾನ್ರೆ."

ಅವರು ಪುಟ ಹಿಂದೆ ಮಗುಚಿ ನೋಡಿದರು. ನಕ್ಕರು. ಅಂದಿನಿಂದ ನನಗಾಗಿ ಓದತೊಡಗಿದರು. ನಾನು ಒಳಗೆ ಹೋದರೆ ನಿಲ್ಲಿಸುವರು, ಬಂದರೆ ಮುಂದುವರಿಸುವರು. ಶಾಲೆ ಬಿಟ್ಟ ಮೇಲೆ ನನಗೆ ಯಾರಾದರೂ ಓದಿ ಹೇಳಿದ್ದು ಅದೇ ಮೊದಲು. ವಾರದಲ್ಲಿ ನನಗೆ ಒಂದೇ ದಿನ ಇದ್ದ ಹಾಗೆ ಆಗಿತ್ತು, ಉಳಿದವೆಲ್ಲ ಅದರ ಕಡೆಗೆ ಹೋಗುವ ದಾರಿ.

ಬಾವಿಯ ತಳ ಕಂಡ ಆ ಬೆಳಿಗ್ಗೆ ನನಗೆ ಸೋಡ ಕಳಿಸಬೇಕಾದ ಹೋಟೆಲುಗಳ ನೆನಪಾಗುವ ಮೊದಲು ಸೋಮವಾರದ ನೆನಪಾದದ್ದು ಅದಕ್ಕೇ.

ಬಾವಿ ತೋಡುವವನನ್ನು ಕರೆಸಿದೆ. ಅವನು ಇಳಿದು, ಕೆಸರು ತೆಗೆದು, ಹಾರೆ ಹಾಕಿದ. ಕೆಳಗಿನಿಂದಲೇ ಕೂಗಿ ಹೇಳಿದ, ಪಾದೆಕಲ್ಲು ಸಿಕ್ಕಿತು, ಇನ್ನು ಮದ್ದು ಇಟ್ಟು ಒಡೆಯಬೇಕಷ್ಟೆ, ಒಡೆದರೆ ನಿಮ್ಮ ಗೋಡೆ ಉಳಿಯುವುದಿಲ್ಲ ಎಂದು. ಗೋಡೆ ಮಾತ್ರವಲ್ಲ, ಆ ಸಾಲಿನ ಅಂಗಡಿಗಳೆಲ್ಲ ಒಂದರ ಹೆಗಲ ಮೇಲೆ ಒಂದು ನಿಂತವು. ಮೇಲೆ ಬಾ ಎಂದೆ. ಕೆಸರು ತೆಗೆದದ್ದರಿಂದ ಇಷ್ಟೇ ಲಾಭವಾಯಿತು: ರಾತ್ರಿಯಿಡೀ ಒಸರಿದ ನೀರು ಬೆಳಿಗ್ಗೆಗೆ ಒಂದೆರಡು ಕೊಡ ತಿಳಿಯಾಗಿ ಸಿಗತೊಡಗಿತು. ಒಂದು ಪೆಟ್ಟಿಗೆ ಸೋಡಕ್ಕೆ ಅದು ಸಾಕು. ನನಗೆ ಬೇಕಾದದ್ದು ಅದರ ಎಷ್ಟೋ ಪಾಲು.

ಆಮೇಲೆ ಗಾಡಿಯಲ್ಲಿ ಪೀಪಾಯಿ ಇಟ್ಟು ಪೇಟೆಯ ಹೊರಗೆ ಹರಿಯುವ ತೋಡಿನಿಂದ ನೀರು ತರಿಸಿದೆ. ಅದು ಬೆಲ್ಲದ ಪೀಪಾಯಿ, ಎಷ್ಟು ತೊಳೆದರೂ ಮರದೊಳಗೆ ಬೆಲ್ಲ ಉಳಿದಿತ್ತು. ಗಾಡಿ ಬಿಸಿಲಿನಲ್ಲಿ ಬರುವಾಗ ನೀರು ಬೆಚ್ಚಗಾಗಿತ್ತು. ಒದ್ದೆ ಗೋಣಿ ಹೊದೆಸಿ, ಮರಳಿನಲ್ಲಿ ಹೂತು, ತಣ್ಣಗಾಗಲೆಂದು ಕಾದು ತುಂಬಿದೆ. ಹಿಡಿ ತಿರುಗಿಸುವಾಗಲೇ ಕೈಗೆ ಗೊತ್ತಾಯಿತು, ನೀರು ಗ್ಯಾಸನ್ನು ಕುಡಿಯುತ್ತಿಲ್ಲ ಎಂದು. ಹಟಕ್ಕೆ ಬಿದ್ದು ಇನ್ನಷ್ಟು ತಿರುಗಿಸಿದೆ. ಬಾಟ್ಲಿಗಳು ಒಂದರ ಹಿಂದೊಂದು ಒಡೆದವು. ಉಳಿದವನ್ನು ಬಸ್ಸಿನ ಮೇಲೆ ಹಾಕಿ ಜಾಲ್ಸೂರಿನ ಹೋಟೆಲಿಗೆ ಕಳಿಸಿದೆ. ಮರುದಿನ ಅದೇ ಬಸ್ಸಿನಲ್ಲಿ ಪೆಟ್ಟಿಗೆಗಳು ಹಿಂದೆ ಬಂದವು. ಕಂಡಕ್ಟರ್ ಪೆಟ್ಟಿಗೆ ಇಳಿಸುತ್ತ, ಹೋಟೆಲಿನವರು ಹೇಳಿಕಳಿಸಿದ್ದನ್ನು ನಾಲ್ಕು ಜನ ಕೇಳುವ ಹಾಗೆ ಒಪ್ಪಿಸಿದ: ಪಾನಕ ಬೇಕಾದರೆ ನಾವೇ ಮಾಡಿಕೊಳ್ಳುತ್ತೇವೆ, ಸೋಡ ಇದ್ದರೆ ಕಳಿಸಿ. ನನ್ನ ಕೈಯ ಸೋಡ ಹಿಂದೆ ಬಂದದ್ದು ಅದೊಂದೇ ಸಲ. ಆ ಪೆಟ್ಟಿಗೆಗಳನ್ನು ಒಳಗೆ ಸಾಗಿಸುವಾಗ ನಾನು ಯಾರ ಮುಖವನ್ನೂ ನೋಡಲಿಲ್ಲ.

ಹಿಂದೆ ತೊಟ್ಟಿಯ ಬಳಿ ಅವನ್ನು ಖಾಲಿ ಮಾಡುತ್ತಿದ್ದಾಗ ಕಾಕ ಗೋಡೆಗೆ ಮೊಣಕೈ ಊರಿ ನಿಂತ. ಅವನ ಬಾವಿ ನನ್ನದಕ್ಕಿಂತ ಹಳೆಯದು, ಆಳ, ಎಂಥ ಬೇಸಿಗೆಗೂ ಕಪ್ಪಗೆ ನೀರು ತುಂಬಿಕೊಂಡಿರುವಂಥದ್ದು. ಅದು ನನಗೂ ಗೊತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತು.

"ಗೌಡ್ರೆ, ನಿಮ್ಮ ಕಣ್ಣಿಗೆ ಎಂತಾದರೂ ಆಗಿದೆಯಾ?"

"ಯಾಕೆ ಕಾಕ?"

"ಅಲ್ಲ, ತೋಡು ಕಾಣ್ತದೆ, ಈ ಗೋಡೆಯ ಆಚೆ ಇರುದು ಕಾಣುದಿಲ್ಲ. ದೂರದ್ದು ಮಾತ್ರ ಕಾಣುವ ಕಾಯಿಲೆ ಉಂಟಂತೆ ಕೆಲವರಿಗೆ."

ಯಾರಲ್ಲೂ ಏನನ್ನೂ ಬೇಡುವುದು ನನ್ನ ಸ್ವಭಾವವಲ್ಲ. ಕಾಕ ಗೋಡೆಯ ಮೇಲಿಂದ ತನ್ನ ಹಗ್ಗವನ್ನು ಈಚೆಗೆ ಎಸೆದು ಒಳಗೆ ಹೋದ. ನಾನು ಗೋಡೆ ದಾಟಿ ಹೋಗಿ ಅವನ ಬಾವಿಯಲ್ಲಿ ಮೊದಲ ಕೊಡ ಸೇದಿ, ಬೊಗಸೆಯಲ್ಲಿ ಹಿಡಿದು ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಆ ನೀರಿನ ಸೋಡ ತುಂಬಿದಾಗ ಹಿಡಿ ಸರಕ್ಕನೆ ಬಿಗಿಯಾಯಿತು. ಜಾಲ್ಸೂರಿನವರು ಮತ್ತೆ ತರಿಸಿಕೊಂಡರು, ಕಡಬದ ಕಡೆಯಿಂದ ಹೊಸಬರೂ ಕೇಳಿಕಳಿಸಿದರು.

ನನಗಾಗಲಿ, ಪೇಟೆಯ ಹೆಚ್ಚಿನವರಿಗಾಗಲಿ ಯಾವ ಬಾವಿಯಾದರೂ ಒಂದೇ. ತೊಂದರೆ ಇದ್ದದ್ದು ಸೋಮವಾರದ್ದು. ಅದಕ್ಕೂ ಒಂದು ಉಪಾಯ ಹುಡುಕಿದೆ. ನನ್ನ ಬಾಟ್ಲಿಗಳಲ್ಲಿ ಕೆಲವಕ್ಕೆ ಹಸಿರು ಗೋಲಿ, ಉಳಿದವಕ್ಕೆ ಬಿಳಿ. ಗೋಲಿ ಬಾಟ್ಲಿಯೊಳಗೇ ಇರುವುದು, ಬದಲಾಗುವಂಥದ್ದಲ್ಲ. ಹಸಿರು ಗೋಲಿಯವನ್ನೆಲ್ಲ ಬೇರೆ ಮಾಡಿ, ನನ್ನ ಬಾವಿಯಲ್ಲಿ ಒಸರಿದ ನೀರನ್ನು ಅವಕ್ಕೆ ಮಾತ್ರ ತುಂಬಿದೆ. ಕಾಕನ ಬಾವಿಯದು ಬಿಳಿ ಗೋಲಿಗೆ. ಯಜಮಾನರಿಗೂ ಅವರಂಥ ಉಳಿದವರಿಗೂ ಹಸಿರು. ನನ್ನ ಬುದ್ಧಿಯ ಬಗ್ಗೆ ನನಗೇ ಹೆಮ್ಮೆಯಾಯಿತು. ಸೋಮವಾರ ಯಜಮಾನರು ಬಂದರು, ಹಸಿರು ಗೋಲಿಯ ಬಾಟ್ಲಿ ಎತ್ತಿದರು, ಕಥೆ ಓದಿದರು. ಛತ್ರದ ಹೆಂಗಸು ಆ ಪ್ರಯಾಣಿಕನ ಗಂಟು ಬಿಚ್ಚಿ ನೋಡಬೇಕೋ ಬೇಡವೋ ಎಂದು ಹೊಯ್ದಾಡುತ್ತಿದ್ದಳು. ಬಾವಿ ಬತ್ತಿದೆಯೆಂದು ನಾನೇ ಹೇಳಿದೆ, ಹಸಿರಿನ ಲೆಕ್ಕವನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಒಳ್ಳೆಯ ಕ್ರಮ ಎಂದರು.

ಆ ವಾರ ಒಂದು ಬೆಳಿಗ್ಗೆ ನಾನು ತೊಟ್ಟಿಯಲ್ಲಿ ಬಾಟ್ಲಿ ತೊಳೆಯುತ್ತಿದ್ದೆ. ಕಾಕ ಗೋಡೆಯಾಚೆ ಹಲ್ಲುಜ್ಜುತ್ತ ನಿಂತು ನೋಡಿದ. ತುಂಬ ಹೊತ್ತು ನೋಡಿದ.

"ಗೌಡ್ರೆ, ಹಸಿರು ಗೋಲಿಗೆ ನಿಮ್ಮ ನೀರು ಅಲ್ವಾ?"

"ಹೌದು."

"ಈ ತೊಟ್ಟಿಗೆ?"

ನನ್ನ ಕೈ ನಿಂತಿತು. ತೊಟ್ಟಿಯಲ್ಲಿ ತುಂಬಿದ್ದುದು ಅವನ ಬಾವಿಯ ನೀರು. ಹಸಿರು, ಬಿಳಿ ಎಲ್ಲವೂ ಅದರಲ್ಲೇ ಮುಳುಗಿ, ಅದರಲ್ಲೇ ಕುಲುಕಿ, ಅದರಲ್ಲೇ ತೊಳೆದು ಏಳುತ್ತಿದ್ದವು. ತುಂಬುವ ನೀರಿನ ಬಗ್ಗೆ ಅಷ್ಟೆಲ್ಲ ಯೋಚಿಸಿದ ನಾನು ತೊಳೆಯುವ ನೀರನ್ನು ನೀರೆಂದೇ ಎಣಿಸಿರಲಿಲ್ಲ. ಕಾಕ ನಗೆ ತಡೆಯಲಾಗದೆ ಬಾಯಲ್ಲಿದ್ದುದನ್ನು ಉಗಿದ. ಒಳಗೆ ನಮ್ಮ ಮನೆಯ ನೀರು ಕುಡಿಯುದಿಲ್ಲ, ಆದರೆ ಸ್ನಾನ ದಿನಾ ಇಲ್ಲೇ, ಇದು ಯಾವ ಜಾತಿಯ ಬಾಟ್ಲಿ ಮಾರಾಯ್ರೆ ಎಂದ. ನಾನೂ ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ. ಆದರೆ ನಕ್ಕು ಮುಗಿಯುವ ಹೊತ್ತಿಗೆ ನನಗೆ ಸೋಮವಾರ ಕಣ್ಣೆದುರಿಗೆ ಬಂತು.

ಬೇರೆ ತೊಟ್ಟಿ ಇಡಬಹುದಿತ್ತು. ಆದರೆ ಒಸರುವ ನೀರು ತುಂಬುವುದಕ್ಕೇ ಸರಿ, ತೊಳೆಯುವುದಕ್ಕೆ ಎಲ್ಲಿಂದ? ಹೇಳದೆ ಇರಬಹುದಿತ್ತು. ಕಾಕನೂ ಅದನ್ನೇ ಹೇಳಿದ: ತಿಳಿಯದಿದ್ದದ್ದು ಮೈಲಿಗೆ ಆಗುವುದಿಲ್ಲ, ಸುಮ್ಮನಿರಿ, ಅವರೂ ಸುಖವಾಗಿರುತ್ತಾರೆ. ಆದರೆ ಆ ಮನುಷ್ಯ ಮೊದಲ ದಿನ ನನ್ನನ್ನು ಕೇಳಿ ಕೂತವರು. ಬೇರೆ ಯಾರನ್ನೂ ವಿಚಾರಿಸದೆ ನನ್ನ ಮಾತನ್ನೇ ನಂಬಿ ಬಾಟ್ಲಿ ಎತ್ತಿದವರು. ಆ ನಂಬಿಕೆಯ ಮೇಲೆ ಕೂತು ಇನ್ನು ಕಥೆ ಕೇಳುವುದು ನನ್ನಿಂದಾಗದೆನಿಸಿತು.

ಸೋಮವಾರ ಅವರು ಬೆಂಚಿನಲ್ಲಿ ಕೂತು, ಪತ್ರಿಕೆ ಬಿಡಿಸಿ, ಕೈ ನೀಡಿದಾಗ ನಾನು ಬಾಟ್ಲಿ ಕೊಡಲಿಲ್ಲ. ತೊಟ್ಟಿಯ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿದರು. ಪತ್ರಿಕೆಯನ್ನು ನಿಧಾನಕ್ಕೆ ಮಡಚಿದರು.

"ನೀನು ಹೇಳದಿದ್ದರೆ ನಾನು ಇವತ್ತೂ ಕುಡಿತಿದ್ದೆ."

"ಹೌದು."

"ಮತ್ತೆ ಹೇಳಿದ್ದು ಯಾಕೆ?"

"ನೀವು ಮೊದಲನೇ ದಿನ ಕೇಳಿದ್ದಿರಿ ಅಲ್ವಾ ಯಜಮಾನ್ರೆ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿನ್ನ ಮೇಲೆ ಬೇಸರ ಇಲ್ಲ ಗೌಡ. ಆ ಬ್ಯಾರಿಯ ಮೇಲೂ ಇಲ್ಲ, ನೀರು ಕೊಟ್ಟವ ಅವ. ಆದರೆ ಮನೆಗೆ ಹೋಗಿ ದೇವರ ಮುಂದೆ ಕೂರುದು ನಾನು. ತಿಳಿದ ಮೇಲೆ ತಿಳಿಯದ ಹಾಗೆ ಇರ್ಲಿಕ್ಕೆ ನನಗೆ ಬರುದಿಲ್ಲ."

"ಸೋಡ ಬೇಡ. ಬಸ್ಸು ಬರುವಲ್ಲಿವರೆಗೆ ಕೂತ್ಕೊಳ್ಳಿ."

"ಕುಡಿಯದೆ ಕೂರುದಾ? ಇದು ವ್ಯಾಪಾರದ ಜಾಗ ಮಾರಾಯ, ನನ್ನ ಚಾವಡಿ ಅಲ್ಲ."

ಎದ್ದು ಹೋದರು. ಛತ್ರದ ಹೆಂಗಸು ಗಂಟಿನ ಮೇಲೆ ಕೈ ಇಟ್ಟಲ್ಲಿಗೆ ಕಥೆ ನಿಂತಿತು.

ಮುಂದಿನ ಸೋಮವಾರ ಬರಲಿಲ್ಲ. ಅವರು ನೇರವಾಗಿ ಬಸ್ಸು ಹೊರಡುವ ಮೈದಾನಕ್ಕೇ ಹೋಗಿ ಅಲ್ಲಿ ಮರದಡಿ ನಿಲ್ಲುತ್ತಾರೆಂದು ತಿಳಿಯಿತು. ಅವರಂಥ ಇನ್ನೂ ಕೆಲವರು ಬಿಟ್ಟರು. ಬಂದವರು ಬಿಟ್ಟವರಿಗಿಂತ ಜಾಸ್ತಿ. ಆ ಬೇಸಿಗೆಯಷ್ಟು ಸೋಡ ನಾನು ಆಮೇಲೆ ಯಾವ ಬೇಸಿಗೆಯಲ್ಲೂ ತುಂಬಿದ್ದಿಲ್ಲ, ಅದರಷ್ಟು ಖಾರದ್ದೂ ಇಲ್ಲ. ತೋಳು ಸೋತು ಹೋಗುವಷ್ಟು ದುಡಿದೆ. ಆದರೆ ಸಂತೆಯ ಮಧ್ಯಾಹ್ನ ಬಂತೆಂದರೆ ಕೈ ತಾನಾಗಿ ನಿಧಾನವಾಗುತ್ತಿತ್ತು. ಬೆಂಚಿನಲ್ಲಿ ಯಾರು ಕೂತರೂ ಯಾರೋ ತಪ್ಪು ಜಾಗದಲ್ಲಿ ಕೂತ ಹಾಗೆ ಅನಿಸುತ್ತಿತ್ತು.

ಪತ್ರಿಕೆಯನ್ನು ನಾನೇ ಕೊಂಡು ನೋಡಿದೆ. ಓದಲು ಬಾರದು ಎಂದೇನಲ್ಲ. ಅಕ್ಷರ ಕೂಡಿಸಿ ಒಂದು ಸಾಲು ಮುಗಿಸಿದೆ, ಇನ್ನೊಂದು ಮುಗಿಸಿದೆ. ಆ ಹೆಂಗಸು ನನ್ನ ಬಾಯಲ್ಲಿ ಮಾತಾಡಲಿಲ್ಲ. ಯಜಮಾನರು ಓದುವಾಗ ಅವಳಿಗೊಂದು ದನಿ ಇತ್ತು, ಮಾತು ಮುಗಿದ ಮೇಲೂ ತುಸು ಹೊತ್ತು ಗಾಳಿಯಲ್ಲಿ ನಿಲ್ಲುವಂಥದ್ದು. ನಾನು ಓದಿದ್ದು ಬರೀ ಏನಾಯಿತೆಂಬ ಸುದ್ದಿ. ಅರ್ಧಕ್ಕೆ ಮಡಚಿ ಮೇಲಿನ ಹಲಗೆಯಲ್ಲಿ ಇಟ್ಟೆ. ಮತ್ತೆ ಕೊಳ್ಳಲಿಲ್ಲ.

ಮಳೆ ಹಿಡಿಯಿತು. ನನ್ನ ಬಾವಿ ತುಂಬಿತು, ಮೇಲಿನಿಂದ ಬಗ್ಗಿದರೆ ಮುಖ ಕಾಣುವಷ್ಟು. ಕಾಕ ಗೋಡೆಯಾಚೆಯಿಂದ ಅದನ್ನು ನೋಡಿ ಕರೆದ.

"ಇನ್ನು ನಿಮ್ಮದರಲ್ಲೇ ಸೇದಿ ಗೌಡ್ರೆ. ಹೋಗಿ ಆ ಯಜಮಾನರಿಗೆ ಹೇಳಿ ಬನ್ನಿ. ನನಗೆ ಬೇಸರ ಇಲ್ಲ, ಸತ್ಯವಾಗಿ ಹೇಳುದು."

ಅವನು ತಮಾಷೆ ಮಾಡುತ್ತಿರಲಿಲ್ಲ. ನಾನು ಹೊಸ ನೀರನ್ನು ಸೇದಿ ಒಂದು ಬಾಟ್ಲಿ ತುಂಬಿ ನೋಡಿದೆ. ಮಳೆಯ ಹೊಸ ನೀರು, ಸಪ್ಪೆ, ಎಲೆಯ ವಾಸನೆ. ಕಾಕನ ಬಾವಿಯದು ಅದೇ ಹಳೆಯ ತಣ್ಣನೆ. ಒಂದು ದಿನವಿಡೀ ಯೋಚಿಸಿದೆ. ನನ್ನ ಬಾವಿಗೆ ಮರಳಿದರೆ ಸೋಮವಾರ ಸಿಗುತ್ತಿತ್ತು, ಅದು ಗೊತ್ತು. ಆದರೆ ಬೇಸಿಗೆಗೆ ಬೇಕಾದ ನೀರು ಮಳೆಗೆ ಬೇಡವೆಂದರೆ, ಬಾಯಿಬಿಟ್ಟು ಹೇಳದಿದ್ದರೂ ಆ ಗೋಡೆಯ ಮೇಲೆ ನಾನು ಏನು ಬರೆದ ಹಾಗಾಯಿತು? ಕಾಕ ಓದುವವನಲ್ಲ, ಆದರೂ ಅದನ್ನು ಓದುತ್ತಿದ್ದ. ಮತ್ತೆ, ಒಳ್ಳೆಯ ನೀರು ಯಾವುದೆಂದು ನನ್ನ ಕೈಗೆ ಗೊತ್ತಾಗಿತ್ತು. ಗೊತ್ತಿದ್ದೂ ಕಡಿಮೆಯದನ್ನು ತುಂಬುವುದು ನನ್ನ ಕಸುಬಲ್ಲ. ಮರುದಿನ ಬೆಳಿಗ್ಗೆ ಅವನ ಬಾವಿಯ ರಾಟೆಗೆ ಎಣ್ಣೆ ಬಿಟ್ಟು ಸೇದಿದೆ. ಕಾಕ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದ.

ಸೋಮವಾರಗಳನ್ನು ನಾನೇ ಮುಗಿಸಿದೆ ಎಂದುಕೊಂಡೆ.

ಆಟಿ ತಿಂಗಳ ಒಂದು ಸೋಮವಾರ ಮಳೆ ಬೀದಿಯನ್ನೇ ತೋಡು ಮಾಡಿತ್ತು. ಮೈದಾನದ ಮರದಡಿ ಯಾರೂ ನಿಲ್ಲುವಂತಿರಲಿಲ್ಲ. ಬಸ್ಸಿಗೆ ಹೋಗುವವರೆಲ್ಲ ಪೇಟೆಬೀದಿಯ ಮಾಡುಗಳ ಅಡಿಗೆ ಬಂದು ಸೇರಿಕೊಂಡಿದ್ದರು. ನಾನು ಮಿಷನಿನಲ್ಲಿದ್ದೆ. ತಲೆ ಎತ್ತಿದರೆ ನೇರ ಎದುರಿನ ಜವಳಿ ಅಂಗಡಿಯ ಜಗಲಿಯಲ್ಲಿ ಯಜಮಾನರು. ಒದ್ದೆ ಕೊಡೆಯನ್ನು ಪಕ್ಕಕ್ಕಿಟ್ಟು, ಕನ್ನಡಕ ಒರೆಸಿಕೊಂಡು, ಪತ್ರಿಕೆ ಬಿಡಿಸುತ್ತಿದ್ದರು. ನನ್ನನ್ನು ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ. ತುಟಿ ಅಲುಗಾಡತೊಡಗಿತು. ಮಿಷನಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ.

ನಾನು ಹಿಡಿ ಬಿಟ್ಟೆ. ಬಾಟ್ಲಿ ಪಂಜರದಲ್ಲಿ ಅಡ್ಡಕ್ಕೆ ನಿಂತಿತು.

ಸದ್ದು ನಿಂತದ್ದು ಅವರಿಗೆ ತಿಳಿದಿರಬೇಕು. ಕಣ್ಣು ಪತ್ರಿಕೆಯಿಂದ ಏಳಲಿಲ್ಲ, ದನಿ ಮಾತ್ರ ಎದ್ದಿತು. ಓದುತ್ತಿದ್ದುದನ್ನು ಅಲ್ಲಿಗೇ ನಿಲ್ಲಿಸಿ, ಇದುವರೆಗಿನ ವಾರಗಳಲ್ಲಿ ಏನೇನಾಯಿತೆಂದು ಮೊದಲಿಂದ ಹೇಳತೊಡಗಿದರು. ಹೆಂಗಸು ಗಂಟು ಬಿಚ್ಚಿದಳು, ಅದರಲ್ಲಿ ಏನಿತ್ತು, ಅವಳು ಅದನ್ನು ಹೇಗೆ ಮತ್ತೆ ಕಟ್ಟಿಟ್ಟಳು, ಪ್ರಯಾಣಿಕ ಅದನ್ನು ತಿಳಿದೂ ಯಾಕೆ ಸುಮ್ಮನಾದ. ಹೇಳುತ್ತಿದ್ದುದು ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಜವಳಿ ಅಂಗಡಿಯವನಿಗೆ. ಅವನಿಗೆ ಆ ಕಥೆಯ ಗಂಧವೂ ಇರಲಿಲ್ಲ.

"ಯಜಮಾನ್ರೆ, ನನ್ನ ಕಿವಿ ಸರಿಯೇ ಉಂಟು. ಇಷ್ಟು ದೊಡ್ಡಕ್ಕೆ ಯಾಕೆ?" ಎಂದ ಅವನು.

"ಮಳೆಯ ಸದ್ದು ಮಾರಾಯ," ಎಂದು ಯಜಮಾನರು ಮುಂದುವರಿಸಿದರು.

ಬೀದಿಯ ನಡುವೆ ಕೆಂಪು ನೀರು ಹರಿಯುತ್ತಿತ್ತು. ಈಚೆಗೆ ನಾನು, ಆಚೆಗೆ ಅವರು. ದಾಟಿದರೆ ಅವರಿಗೆ ಮುಜುಗರ, ಕರೆದರೆ ನನಗೆ. ಹಾಗಾಗಿ ನಾನು ಇದ್ದಲ್ಲೇ ನಿಂತೆ. ಗಾಳಿ ಬೀಸಿದಾಗ ಎರಡು ಮಾತು ಹಾರಿಹೋಗುತ್ತಿತ್ತು, ಮಳೆ ಜೋರಾದಾಗ ಒಂದು ಸಾಲೇ. ಉಳಿದದ್ದನ್ನು ಆ ದನಿಯಿಂದಲೇ ಊಹಿಸಿಕೊಂಡೆ. ಕಥೆ ಈ ವಾರದ ಪುಟಕ್ಕೆ ಬಂತು. ಪ್ರಯಾಣಿಕ ಹೊರಟು ನಿಂತಿದ್ದ. ಹೆಂಗಸು ಬಾಗಿಲ ಬಳಿ ಬಂದು, ಮೊದಲ ಸಲ, ಅವನ ಹೆಸರು ಕೇಳುವುದಕ್ಕೆ ಬಾಯಿ ತೆರೆದಳು.

ಅಷ್ಟರಲ್ಲಿ ಬಸ್ಸು ಬಂದು ನಮ್ಮಿಬ್ಬರ ನಡುವೆ ನಿಂತಿತು. ಬೀದಿ ತುಂಬ ಅದೇ. ಇಂಜಿನಿನ ಸದ್ದಿನ ಆಚೆ ಅವರು ಓದುತ್ತಲೇ ಇದ್ದಿರಬಹುದು. ಜನ ಹತ್ತಿದರು, ಕಂಡಕ್ಟರ್ ತಗಡು ಬಡಿದ, ಬಸ್ಸು ನೀರು ಸೀಳಿಕೊಂಡು ಹೋಯಿತು. ಎದುರಿನ ಜಗಲಿಯಲ್ಲಿ ಕೊಡೆಯಿಂದ ಇಳಿದ ನೀರಿನ ಗುರುತು ಮಾತ್ರ ಇತ್ತು. ಜವಳಿ ಅಂಗಡಿಯವನು ಈಚೆಗೆ ನೋಡಿ, ನಿಮಗೆ ಕೇಳಿಸಿತಾ, ನನಗೆ ಎಂತದೂ ಅರ್ಥ ಆಗಲಿಲ್ಲ ಎಂದ.

ಕೇಳಿಸಿತು ಎಂದೆ. ಮುಂದಿನ ಸೋಮವಾರದವರೆಗೆ ಆ ಪ್ರಯಾಣಿಕನ ಹೆಸರು ತಿಳಿಯದೆಯೇ ಇರಬೇಕಾಗಿತ್ತು. ಮಿಷನಿನ ಹಿಡಿಗೆ ಕೈ ಹಾಕಿದೆ. ತಿರುಗಿಸಲು ಮನಸ್ಸು ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.